ಐಸು ತುಂಬಿದ ಮಗ್ಗದ ಗುಂಡಿ

ಚಳ್ಳಕೆರೆಯಿಂದ ಹೊರಟ ಲಗೇಜ್ ಆಟೋ ಮೊಳಕಾಲ್ಮೂರಿನ ನೇಕಾರರ ಬೀದಿಗೆ ಬಂದು ನಿಂತಾಗ ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ. ಹಿಂದೆ ಕೂತಿದ್ದ ಹೆಂಗಸರು ನರಳುತ್ತ, ನಗುತ್ತ, ಒಬ್ಬರ ಭುಜ ಒಬ್ಬರು ಹಿಡಿದು ಇಳಿದರು. ಕೆಂಚಕ್ಕ ಮಾತ್ರ ಕೂತೇ ಇದ್ದಳು. ಇಳಿಯಬೇಕೆಂದು ಎರಡು ಸಲ ಎದ್ದು ನೋಡಿದಳು. ಎರಡು ಸಲವೂ ತೊಡೆಗಳು ಒಪ್ಪಲಿಲ್ಲ.

"ಏನಕ್ಕ, ಆಟೋನೇ ಮನೆ ಮಾಡ್ಕೊಂಡ್ಯಾ?" ಎಂದಳು ಗೀತಮ್ಮ. ಹಗ್ಗದಲ್ಲಿ ಕೆಂಚಕ್ಕನ ಮುಂದಿನ ಜಾಗ ಅವಳದು. ಬಾಯಿಯಲ್ಲೂ ಅವಳೇ ಮುಂದು.

"ಕಾಲು ಬರ್ತಿಲ್ಲ ಕಣೇ."

ಅದನ್ನು ಕೇಳಿ ಗೀತಮ್ಮನ ನಗು ನಿಂತಿತು.

ಮಹಿಳಾ ಸಂಘಗಳ ಹಗ್ಗಜಗ್ಗಾಟದ ಸೆಮಿಫೈನಲ್ ಆ ದಿನ ಬೆಳಿಗ್ಗೆ ಚಳ್ಳಕೆರೆಯಲ್ಲಿ ಮುಗಿದು, ಇವರ ತಂಡ ಗೆದ್ದಿತ್ತು. ಫೈನಲ್ ಮರುದಿನ, ಭಾನುವಾರ ಬೆಳಿಗ್ಗೆ, ಮೊಳಕಾಲ್ಮೂರಿನ ಹೈಸ್ಕೂಲ್ ಮೈದಾನದಲ್ಲಿ. ತಂಡಕ್ಕೆ ಎಂಟು ಜನ. ಎಂಟಕ್ಕೆ ಒಬ್ಬರು ಕಡಿಮೆಯಾದರೂ ಹಗ್ಗ ಮುಟ್ಟುವಂತಿಲ್ಲ. ಬದಲಿಗೆಂದು ಕರೆದೊಯ್ದಿದ್ದ ಹೆಂಗಸು ಚಳ್ಳಕೆರೆಯಲ್ಲೇ ಹೆಗಲು ಉಳುಕಿಸಿಕೊಂಡಿದ್ದಳು. ಕೆಂಚಕ್ಕ ನಿಲ್ಲಬೇಕಾದ್ದು ಹಗ್ಗದ ತುದಿಯಲ್ಲಿ. ಹಗ್ಗವನ್ನು ಕಂಕುಳಡಿಯಿಂದ ತಂದು ಬೆನ್ನ ಮೇಲೆ ಹಾಯಿಸಿ, ಮಂಡಿ ಅರ್ಧ ಬಗ್ಗಿಸಿ, ಹಿಮ್ಮಡಿ ನೆಲಕ್ಕೆ ಊರಿ ನಿಂತರೆ ಮುಂದಿನ ಏಳು ಜನರ ಭಾರ, ಆಚೆಯ ಎಂಟು ಜನರ ಸೆಳೆತ ಎಲ್ಲವೂ ಬಂದು ಕೂರುವುದು ಅವಳ ತೊಡೆಗಳ ಮೇಲೆ. ಬೆಳಿಗ್ಗೆ ಮೂರನೇ ಎಳೆತ ಎಷ್ಟು ಹೊತ್ತು ನಡೆಯಿತೆಂದರೆ, ನೋಡುತ್ತಿದ್ದವರು ಕೂಗಿ ಸಾಕಾಗಿ ಸುಮ್ಮನಾಗಿದ್ದರು.

ಹನ್ನೆರಡನೇ ವಯಸ್ಸಿಗೆ ಮಗ್ಗಕ್ಕೆ ಕೂತವಳು ಕೆಂಚಕ್ಕ, ಈಗ ನಲವತ್ತಮೂರು. ಇಷ್ಟು ವರ್ಷ ಅವಳು ನೇಯ್ದ ಸೀರೆ ಹೊಗಳಿದವರುಂಟು. ಅವಳು ನಿಂತದ್ದನ್ನು ಯಾರೂ ನೋಡಿರಲಿಲ್ಲ. ಚಳ್ಳಕೆರೆಯಲ್ಲಿ ಇನ್ನೊಂದು ಸೆಮಿಫೈನಲ್ ಗೆದ್ದ ಪರಶುರಾಂಪುರದ ತಂಡದ ಯರ್ರಮ್ಮ, ನೀರಿನ ಕ್ಯಾನಿನ ಹತ್ತಿರ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ್ದಳು: "ನೇಯೋರಿಗೆ ಕಾಲು ಎಲ್ಲಿಂದ ಬರ್ಬೇಕು ಬಿಡ್ರೇ. ಮಗ್ಗದ ಗುಂಡೀಲೇ ಬಿಟ್ಟು ಬಂದಿರ್ತಾರೆ." ಅವಳ ಕಡೆಯವರೆಲ್ಲ ಘೊಳ್ಳೆಂದಿದ್ದರು. ಕೆಂಚಕ್ಕ, ನಾಳೆ ಹಗ್ಗದ ತುದಿಯಲ್ಲಿ ನಿಂತು ಉತ್ತರ ಕೊಡುತ್ತೇನೆ ಎಂದುಕೊಂಡಿದ್ದಳು. ಈಗ ನೋಡಿದರೆ ಆಟೋದಿಂದ ಇಳಿಯಲೇ ಇಬ್ಬರು ಬೇಕಾದರು.

ಹೈಸ್ಕೂಲಿನ ದೈಹಿಕ ಶಿಕ್ಷಕಿ ಶಾಂತಕುಮಾರಿ ತಂಡಕ್ಕೆ ತರಬೇತಿ ಕೊಟ್ಟವರು. ಇದು ಹೀಗಾಗಬಹುದೆಂದು ಅವರಿಗೆ ಅನುಮಾನವಿತ್ತು. ಹಾಗಾಗಿಯೇ ಚಳ್ಳಕೆರೆ ಬಿಡುವ ಮೊದಲು ಐಸ್‌ಕ್ಯಾಂಡಿ ಮಾಡುವಲ್ಲಿಗೆ ಹೋಗಿ ಒಂದು ದೊಡ್ಡ ಐಸ್ ಗಡ್ಡೆ ಹಾಕಿಸಿಕೊಂಡಿದ್ದರು. ಆಟೋದವನು ದಾರಿಯಲ್ಲಿ ಎಣ್ಣೆ ಮಿಲ್ಲಿನ ಮುಂದೆ ನಿಲ್ಲಿಸಿ, ಗಡ್ಡೆಗೆ ಗೋಣಿತಾಟು ಸುತ್ತಿ, ಸುತ್ತಲೂ ಶೇಂಗಾ ಸಿಪ್ಪೆ ಒತ್ತಿ ತುಂಬಿದ್ದ. ಅಷ್ಟು ದೂರದ ಬಿಸಿಲು ದಾರಿ ಕಳೆದು ಸಿಪ್ಪೆ ಸರಿಸಿ ನೋಡಿದರೆ ಗಡ್ಡೆಯ ಮೂಲೆಗಳಷ್ಟೇ ದುಂಡಗಾಗಿದ್ದವು.

"ತಣ್ಣೀರಲ್ಲಿ ಸೊಂಟದ ತನಕ ಕೂರ್ಬೇಕು ಕೆಂಚಕ್ಕ. ಹತ್ತು ನಿಮಿಷ," ಎಂದರು ಶಾಂತಕುಮಾರಿ. "ಇದೇನು ಮಂತ್ರ ಅಲ್ಲ. ನೋವು, ಬಿಗಿತ ಸ್ವಲ್ಪ ಕಡಿಮೆ ಆಗ್ಬಹುದು, ಅಷ್ಟೇ. ದಿನಾ ಮಾಡೋದೂ ಅಲ್ಲ, ದಿನಾ ಮಾಡಿದ್ರೆ ಸ್ನಾಯು ಬೆಳೆಯೋದಕ್ಕೇ ಅಡ್ಡಿ ಅಂತಾರೆ. ಆದ್ರೆ ನಾಳೇನೇ ಮತ್ತೆ ಎಳೀಬೇಕಲ್ಲ, ಅಂಥವರಿಗೆ ಉಪಯೋಗ ಐತೆ."

"ಕೂರೋದು ಎಲ್ಲಿ? ಬಕೆಟ್ಟಲ್ಲಾ?" ಗೀತಮ್ಮ ಕೇಳಿದಳು.

ಯಾರ ಮನೆಯಲ್ಲೂ ತೊಟ್ಟಿಯಿರಲಿಲ್ಲ. ಬೀದಿಯ ನೀರಿನ ತೊಟ್ಟಿಯಲ್ಲಿ ಹೆಂಗಸು ಸೀರೆ ಎತ್ತಿಕಟ್ಟಿ ಕೂರುವಂತಿಲ್ಲ. ಕೆಂಚಕ್ಕನ ಮನೆಯ ನಡುಕೋಣೆಯಲ್ಲಿ ಎರಡು ಮಗ್ಗಗಳು. ಒಂದರಲ್ಲಿ ಅವಳ ಗಂಡ ಹನುಮಂತರಾಯ ಮದುವೆ ಸೀರೆ ನೇಯುತ್ತಿದ್ದ. ಇನ್ನೊಂದು ಅವಳದು. ಗುರುವಾರ ಸೀರೆ ಕತ್ತರಿಸಿ ಇಳಿಸಿದ ಮೇಲೆ ಹೊಸ ಹಾಸಿನ ಎಳೆಗಳನ್ನು ಏರಿಸಿರಲಿಲ್ಲ. ಅದರ ಕೆಳಗೆ ನೇಯುವವರು ಕಾಲು ಇಳಿಬಿಡುವ ಗುಂಡಿ. ಚೌಕ, ಎದೆಗಿಂತ ಸ್ವಲ್ಪ ಕಮ್ಮಿ ಆಳ, ಗೋಡೆಗೆ ಸಿಮೆಂಟು. ಅದನ್ನು ಮೊದಲು ನೋಡಿದ್ದು ಶಾಂತಕುಮಾರಿ. ಆಮೇಲೆ ಎಲ್ಲರೂ ನೋಡಿದರು. ಹನುಮಂತರಾಯನ ಕೈಯಲ್ಲಿನ ಲಾಳಿ ನಿಂತಿತು.

"ಅನ್ನ ಕೊಡೋ ಗುಂಡಿ ಮೇಡಮ್ಮೋರೇ. ಚಪ್ಲಿ ಕಾಲು ಇಟ್ಟೋರಲ್ಲ ನಾವು ಅದ್ರಾಗೆ."

"ಚಪ್ಲಿ ಹಾಕ್ಕೊಂಡು ಇಳಿಯಲ್ಲ ಬಿಡ್ರಿ," ಎಂದಳು ಕೆಂಚಕ್ಕ.

"ನೀನು ಇಳಿದ್ರೆ ಸರಿ. ಐಸು ಇಳಿಸ್ತೀರಲ್ಲ! ನೀರು ಹಾರಿ ಈ ಕಡೆ ರೇಷ್ಮೆ ಮೇಲೆ ಬಿದ್ರೆ? ಜರಿ ಕಪ್ಪಾದ್ರೆ?"

ಅವಳು ಗಂಡನ ಮುಖ ನೋಡಿದಳು. ಗೋಡೆ ಹಿಡಿದು ನಿಂತಿದ್ದ ಅವಳ ಕಾಲುಗಳು ಸಣ್ಣಗೆ ನಡುಗುತ್ತಿದ್ದವು. ಅವನು ಅದನ್ನು ಕಂಡ. ಎದ್ದು ತನ್ನ ಹಾಸಿನ ಮೇಲೆ ಹಳೇ ದುಪ್ಪಟಿ ಹೊದಿಸಿದ. ಆಮೇಲೆ ಒಂದು ಊದುಬತ್ತಿ ಹಚ್ಚಿ ಖಾಲಿ ಗುಂಡಿಯ ಅಂಚಿಗೆ ಸಿಕ್ಕಿಸಿ, ಕೈಮುಗಿದು, ಮನೆಮಾತಾದ ತೆಲುಗಿನಲ್ಲಿ ಏನೋ ಕ್ಷಮೆ ಕೇಳಿದ. "ಹೂಂ, ತುಂಬಿಸ್ರಿ," ಎಂದ.

ಕಾಲಲ್ಲಿ ತುಳಿಯುವ ಹಲಗೆಗಳನ್ನು ಬಿಚ್ಚಿ ಹೊರಗಿಟ್ಟರು. ಗುಂಡಿಗೆ ಟಾರ್ಪಾಲು ಹಾಸಿ, ತಳದಲ್ಲಿ ಒಂದು ಗಿಡ್ಡ ಮಣೆ ಇಟ್ಟು, ಕೊಡಗಳಲ್ಲಿ ನೀರು ಹೊತ್ತು ಸುರಿದರು. ಹನುಮಂತರಾಯನೇ ಒನಕೆಯಿಂದ ಐಸ್ ಗಡ್ಡೆ ಒಡೆದ. ಚೂರುಗಳು ನೀರಿಗೆ ಬಿದ್ದು ಚಟಚಟ ಸಿಡಿದವು. ಬೀದಿಯ ಮಕ್ಕಳು ಕಿಟಕಿಗೆ ಮುತ್ತಿದ್ದವು. ಗೀತಮ್ಮ ಬೈದು ಓಡಿಸಿ ಕಿಟಕಿ ಹಾಕಿದಳು. ಶಾಂತಕುಮಾರಿ ಶಾಲೆಯ ಪ್ರಯೋಗಾಲಯದಿಂದ ತಂದಿದ್ದ ಥರ್ಮಾಮೀಟರ್ ಇಳಿಬಿಟ್ಟರು. ಪಾದರಸ ಇಳಿಯುತ್ತ ಇಳಿಯುತ್ತ ಹನ್ನೆರಡು ಡಿಗ್ರಿಗೆ ಬಂದು ನಿಂತಿತು. ಹೊರಗೆ ನಲವತ್ತರ ಹತ್ತಿರ ಬಿಸಿಲು.

"ಒಂದು ಮಾತು ಕೆಂಚಕ್ಕ," ಎಂದರು ಶಾಂತಕುಮಾರಿ. "ಕಾಲು ಆಡಿಸಬಾರ್ದು. ಸುಮ್ಮನೆ ಕೂತರೆ ಚರ್ಮದ ಪಕ್ಕದ ನೀರು ಒಂಚೂರು ಬೆಚ್ಚಗಾಗಿ ಕಾಲಿಗೆ ಬಟ್ಟೆ ಸುತ್ತಿದ ಹಾಗೆ ನಿಲ್ಲುತ್ತೆ. ಕಲಕಿದ್ರೆ ಅದು ಹೋಗ್ತೈತೆ. ಲೆಕ್ಕಕ್ಕಿಂತ ಜಾಸ್ತಿ ಶೀತ ಹಿಡಿಯುತ್ತೆ."

"ಕೂರೋದು ತಾನೆ? ಅದೊಂದು ನಮಗೆ ಬರ್ತೈತೆ ಬಿಡ್ರಿ."

ಸೀರೆ ಎತ್ತಿಕಟ್ಟಿ ಇಳಿದಳು. ನೀರು ಸೊಂಟ ಮುಟ್ಟಿದಾಗ ಅವಳ ಉಸಿರು ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಬಾಯಿ ತೆರೆದೇ ಇತ್ತು. ಕೂಗಬೇಕೆಂದರೂ ಕೂಗಿಗೆ ಬೇಕಾದ ಗಾಳಿ ಇರಲಿಲ್ಲ. "ನಿಧಾನ, ಉಸಿರು ಬಿಡಿ, ಬಿಡಿ," ಎನ್ನುತ್ತ ಶಾಂತಕುಮಾರಿ ಅವಳ ಕೈ ಹಿಡಿದಿದ್ದರು. ಉಸಿರು ತುಂಡು ತುಂಡಾಗಿ ಬಂತು. ಇದು ಮಾಘದ ಚಳಿಯಲ್ಲ, ಮಳೆಯಲ್ಲಿ ನೆಂದ ಥಂಡಿಯಲ್ಲ. ಅವಳಿಗೆ ಗೊತ್ತಿದ್ದ ಯಾವುದೂ ಅಲ್ಲ. ಸಾವಿರ ಸೂಜಿಗಳು ಒಟ್ಟಿಗೆ ಚುಚ್ಚಿ, ಚುಚ್ಚಿದಲ್ಲೇ ನಿಂತುಬಿಟ್ಟಂತೆ ಇತ್ತು. ಸ್ವಲ್ಪ ಹೊತ್ತಿಗೆ ಸೂಜಿಗಳೂ ಮಾಯವಾದವು. ಬೆಳಿಗ್ಗೆಯಿಂದ ತೊಡೆಯೊಳಗೆ ಉರಿಯುತ್ತಿದ್ದ ಕೆಂಡ ಯಾರೋ ಊದಿ ಆರಿಸಿದಂತೆ ಆರಿತು.

"ಹೋಯ್ತು ಮೇಡಂ! ನೋವೇ ಹೋಯ್ತು!"

"ಹೋಗಿಲ್ಲ, ಜೋಮು ಹಿಡಿದೈತೆ. ಸುಮ್ನೆ ಕೂರಿ." ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ನಾಳೆಯ ಮೈದಾನದ ವಿಚಾರ. ಉಳಿದವರನ್ನೂ ಮನೆಗೆ ಕಳಿಸಿ, ಅವರು ಮಾತಾಡುತ್ತ ಹೊರಗಿನ ಕಟ್ಟೆಗೆ ಹೋದರು.

ಹನುಮಂತರಾಯ ದುಪ್ಪಟಿ ತೆಗೆದು ಮತ್ತೆ ನೇಯಲು ಕೂತ. ಬೇಸಿಗೆಯಲ್ಲಿ ಗಾಳಿ ಒಣಗಿ ರೇಷ್ಮೆಯ ಎಳೆ ಕಡಿಯುವುದು ಜಾಸ್ತಿ. ಇವತ್ತು ಕೋಣೆ ತಂಪಾಗಿತ್ತು, ಎಳೆ ಕಡಿಯಲಿಲ್ಲ. ಅವನ ಕೈ ಓಡಿತು. ಮಗ್ಗದ ಸದ್ದು ಒಂದೇ ಸಮ ಕೋಣೆ ತುಂಬಿತು.

ಎಷ್ಟು ಹೊತ್ತಾಯಿತೋ ಕೆಂಚಕ್ಕನಿಗೆ ತಿಳಿಯಲಿಲ್ಲ. ಗುಂಡಿಯಲ್ಲಿ ನೀರು ಅಲುಗುತ್ತಿತ್ತು. ಐಸಿನ ಚೂರುಗಳು ದುಂಡಗೆ ತಿರುಗಿ ಟಾರ್ಪಾಲಿಗೆ ಬಡಿದು ಮತ್ತೆ ತಿರುಗುತ್ತಿದ್ದವು. ಇದನ್ನು ಯಾರು ಕಲಕುತ್ತಿದ್ದಾರೆ ಎಂದು ಬಗ್ಗಿ ನೋಡಿದಳು.

ತಿಳಿನೀರಿನ ತಳದಲ್ಲಿ ಎರಡು ಕಾಲುಗಳು ತುಳಿಯುತ್ತಿದ್ದವು. ಬಲ, ಎಡ. ಬಲ, ಎಡ. ಅಲ್ಲಿ ಹಲಗೆಯಿಲ್ಲ, ಮೇಲೆ ಹಾಸಿಲ್ಲ, ನೇಯಲು ಏನೇನೂ ಇಲ್ಲ. ಆದರೂ ಪಕ್ಕದ ಮಗ್ಗದ ಸದ್ದಿಗೆ ಒಂದು ಪೆಟ್ಟೂ ತಪ್ಪದಂತೆ, ಹಿಮ್ಮಡಿ ಊರಿ, ಬೆರಳು ಒತ್ತಿ, ತುಳಿಯುತ್ತಿದ್ದವು. ಕಾಲುಂಗುರ ನೋಡಿ ಅವು ತನ್ನವೆಂದು ಗುರುತು ಹಿಡಿದಳು. ಇಲ್ಲದಿದ್ದರೆ ಯಾರವೆಂದು ಹೇಳುವಂತಿರಲಿಲ್ಲ. ಅವುಗಳಿಂದ ಅವಳಿಗೆ ಯಾವ ಸುದ್ದಿಯೂ ಬರುತ್ತಿರಲಿಲ್ಲ. ನಿಲ್ಲು ಎಂದಳು ಮನಸ್ಸಿನಲ್ಲೇ. ನಿಲ್ಲಲಿಲ್ಲ. ಮಧ್ಯಾಹ್ನ ಆಟೋ ಇಳಿಯಲು ಒಪ್ಪದ ಕಾಲುಗಳು, ಈ ಹಿಮದಂಥ ನೀರಿನಲ್ಲಿ, ಅವಳನ್ನು ಕೇಳದೆಯೇ ಕೆಲಸಕ್ಕೆ ಹತ್ತಿದ್ದವು. ಮೂವತ್ತು ವರ್ಷ ತಾನು ಸೀರೆ ನೋಡುತ್ತ ಕೂತಿದ್ದಾಗಲೆಲ್ಲ ಕತ್ತಲಲ್ಲಿ ಇವು ಹೀಗೆಯೇ ದುಡಿದಿದ್ದವಲ್ಲವೇ? ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಹೆದರಿಕೆಯಾಯಿತು. ಹೆದರಿಕೆಗಿಂತ ದೊಡ್ಡದೇನೋ ಆಗಿ, ದೇವರ ಮುಂದೆ ನಿಂತಾಗ ಆಗುವಂತೆ, ಮೈ ಜುಮ್ಮೆಂದಿತು. ಅವಳು ಕಣ್ಣು ಕೀಳದೆ ನೋಡುತ್ತ ಕೂತಳು.

"ಅಯ್ಯೋ, ಕೆಂಚಕ್ಕ!"

ಶಾಂತಕುಮಾರಿ ಬಾಗಿಲಲ್ಲಿದ್ದರು. ಕೆಂಚಕ್ಕನ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟನೆ ಬಡಿಯುತ್ತಿದ್ದವು. ಗಂಡ ಹೆಂಡತಿಯ ಕಡೆ ತಿರುಗಿ ನೋಡಿದವನೇ ಲಾಳಿ ಬಿಟ್ಟು ಓಡಿಬಂದ. ಮಗ್ಗದ ಸದ್ದು ನಿಂತಿತು. ನೀರಿನಲ್ಲಿ ಕಾಲುಗಳೂ ನಿಂತವು. ಇಬ್ಬರೂ ಸೇರಿ ಅವಳನ್ನು ಎತ್ತಿ ಮೇಲೆ ಕೂರಿಸಿದರು.

"ಆಡಿಸಬೇಡಿ ಅಂತ ಹೇಳಿರ್ಲಿಲ್ವಾ?"

"ನಾ... ನಾನು ಆಡಿಸ್ಲಿಲ್ಲ ಮೇಡಂ. ಮಗ್ಗ ಆಡಿಸ್ತು."

ಶಾಂತಕುಮಾರಿ ಎರಡು ಮಗ್ಗಗಳನ್ನೂ ನೋಡಿದರು, ಹನುಮಂತರಾಯನನ್ನೂ ನೋಡಿದರು. ಅವರ ಸಿಟ್ಟು ತಮ್ಮ ಮೇಲೆಯೇ ತಿರುಗಿತು. "ಬಿಟ್ಟು ಹೋಗಬಾರ್ದಿತ್ತು ನಾನು," ಎಂದರು. ಒದ್ದೆ ಬಟ್ಟೆ ಬದಲಿಸಿ, ಮೈ ಒರೆಸಿ, ಕಂಬಳಿ ಹೊದಿಸಿದರು. ಹನುಮಂತರಾಯ ಒಲೆಯ ಮುಂದೆ ಕೂತು ಶುಂಠಿ ಹಾಕಿ ಟೀ ಕಾಸಿದ. ಬಿಸಿನೀರು ಹೊಯ್ಯಲೇ ಎಂದು ಕೇಳಿದ. ಕೂಡಲೇ ಬೇಡ, ಚರ್ಮಕ್ಕೆ ಬಿಸಿ ಗೊತ್ತಾಗಲ್ಲ, ಸುಟ್ಟೀತು ಎಂದರು ಶಾಂತಕುಮಾರಿ.

ಬಹಳ ಹೊತ್ತು ಕಾಲುಗಳು ಮರದ ಕೊರಡಿನಂತೆಯೇ ಇದ್ದವು. ಬೆರಳು ಆಡಿಸಿ ಎಂದರೆ ಆಡಲಿಲ್ಲ. ನಾಳೆಯ ಮಾತು ಯಾರೂ ಎತ್ತಲಿಲ್ಲ. ಕೆಂಚಕ್ಕ ಕಂಬಳಿಯೊಳಗೆ ತೊಡೆ ಒತ್ತಿ ಒತ್ತಿ ನೋಡುತ್ತಿದ್ದಳು. ಬೇರೆಯವರ ಮೈ ಒತ್ತಿದಂತಿತ್ತು. ಕೊನೆಗೆ ಬಲಗಾಲಿನ ಹೆಬ್ಬೆರಳಲ್ಲಿ ಇರುವೆ ಹರಿದಂತಾಯಿತು. ಆಮೇಲೆ ಎಡಗಾಲಲ್ಲಿ. ಹರಿದಾಟ ಮೇಲೇರಿ ಮಂಡಿ ದಾಟಿ ತೊಡೆಗೆ ಬಂದು, ಅಲ್ಲಿ ನಿಧಾನವಾಗಿ ಕಾವು ಹುಟ್ಟಿತು. ಅವಳು ಎದ್ದಳು. ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಹಾಕಿದಳು.

"ನಾಳೆ ಬೆಳಿಗ್ಗೆ ನೋಡೋಣ," ಎಂದರು ಶಾಂತಕುಮಾರಿ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಯರ್ರಮ್ಮ. ಪರಶುರಾಂಪುರದ ತಂಡ ಸಂಜೆಯ ಬಸ್ಸಿಗೆ ಬಂದು ಶಾಲೆಯಲ್ಲಿ ಇಳಿದುಕೊಂಡಿತ್ತು. ಮೊಳಕಾಲ್ಮೂರಿನಲ್ಲಿ ಸುದ್ದಿಗೆ ಬಸ್ಸು ಬೇಕಿಲ್ಲ.

"ಮಗ್ಗದ ಗುಂಡೀಲಿ ಐಸ್ ತುಂಬವ್ರಂತೆ, ಹೌದೇನಕ್ಕ? ನೋಡಣ ಅಂತ ಬಂದೆ."

ಬರೀ ನೋಡಲು ಬಂದವಳಲ್ಲ ಅವಳು. ಹೊಸಿಲು ದಾಟುವಾಗ ಎರಡೂ ಕೈಯಿಂದ ಬಾಗಿಲ ಕಂಬ ಹಿಡಿದು, ಅಡ್ಡಡ್ಡ ತಿರುಗಿ, ಒಂದೊಂದೇ ಕಾಲನ್ನು ಸಾಮಾನು ಇಳಿಸಿದಂತೆ ಇಳಿಸಿದಳು. ಶೇಂಗಾ ಹೊಲದಲ್ಲಿ ಬಗ್ಗಿ ಕಿತ್ತು ಬೆಳೆದ ಗಟ್ಟಿ ಹೆಂಗಸು. ಅವಳದೂ ಹಗ್ಗದ ತುದಿಯೇ. ಗುಂಡಿಯ ಹತ್ತಿರ ಬಂದು ಬಗ್ಗಲಾಗದೆ ನಿಂತಲ್ಲಿಂದಲೇ ಇಣುಕಿದಳು. ಐಸು ಇನ್ನೂ ಪೂರ್ತಿ ಕರಗಿರಲಿಲ್ಲ.

"ಅಮ್ಮೋ! ಇದ್ರಾಗೆ ಕೂತಿದ್ಯಾ?"

"ಕೂತಿದ್ದೆ."

"ಕಾಲು ಬಂತಾ?"

ಕೆಂಚಕ್ಕನಿಗೆ ಬೆಳಿಗ್ಗೆಯ ಕುಹಕ ನೆನಪಿತ್ತು. ಇವಳು ಹೀಗೆಯೇ ಅಡ್ಡಡ್ಡ ನಡೆಯುತ್ತ ನಾಳೆ ಮೈದಾನಕ್ಕೆ ಬಂದರೆ ಗೆಲುವು ಅರ್ಧ ಕೈಗೆ ಬಂದಂತೆ, ಅದೂ ಗೊತ್ತಿತ್ತು. ಆದರೆ ನೀರಿನ ತಳದಲ್ಲಿ ತಾನು ಕಂಡದ್ದನ್ನು ಯಾರಿಗೆ ಹೇಳುವುದು? ಗಂಡ ಕೇಳಿ, ತಲೆಯಾಡಿಸಿ ಒಲೆಯ ಕಡೆ ತಿರುಗಿದ್ದ. ಶಾಂತಕುಮಾರಿ, ಶೀತ ಜಾಸ್ತಿಯಾದರೆ ಹಾಗೆ ಅನ್ನಿಸುತ್ತೆ ಎಂದಿದ್ದರು. ಅರ್ಥವಾಗಬಹುದಾದವಳು ಈ ಊರಿನಲ್ಲಿ ಇವತ್ತು ಒಬ್ಬಳೇ ಇದ್ದಳು.

"ಸೀರೆ ಎತ್ತಿಕಟ್ಟು," ಎಂದಳು. "ರೀ, ಈಗ ಮಗ್ಗ ಮುಟ್ಟಬೇಡ್ರಿ, ನೀವು ಹೊರಗೆ ಹೋಗ್ರಿ."

"ಲೇ, ನಾಳೆ ಇವಳ ಮೇಲೇ ಎಳೀಬೇಕಲ್ಲೇ ನೀನು!" ಎಂದ ಹನುಮಂತರಾಯ.

"ಹೋಗ್ರಿ ಅಂದ್ನಲ್ಲ."

ಶಾಂತಕುಮಾರಿ ಥರ್ಮಾಮೀಟರ್ ಇಳಿಸಿದರು. ಹದಿನಾಲ್ಕು. ಈ ಸಲ ಅವರು ಗುಂಡಿಯ ಅಂಚಿನಿಂದ ಏಳಲಿಲ್ಲ.

ಯರ್ರಮ್ಮ ಇಳಿದವಳೇ ಪರಶುರಾಂಪುರದವರೆಗೂ ಕೇಳುವಂತೆ ಚೀರಿದಳು. ಐಸಿನವನ ವಂಶವನ್ನೆಲ್ಲ ಬೈದಳು. ಅವಳ ಕಾಲು ಕಲ್ಲಿನಂತೆ ಅಲ್ಲಾಡಲಿಲ್ಲ; ತುಳಿಯುವುದು ಅವಕ್ಕೆ ಗೊತ್ತಿರಲಿಲ್ಲ. ಕೆಂಚಕ್ಕ ಎದುರು ಕೂತು ಅವಳ ಮುಖವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆ ಬಿಸಿಲುಗಟ್ಟಿದ ಮುಖದ ಗೆರೆಗಳು ಸಡಿಲವಾದವು. ಯರ್ರಮ್ಮ ತನ್ನ ತೊಡೆಯನ್ನು ನೀರಿನೊಳಗೇ ಮೆಲ್ಲಗೆ ಮುಟ್ಟಿ, ಪಿಸುಮಾತಿನಲ್ಲಿ ಕೇಳಿದಳು:

"ಅಕ್ಕಾ, ಇದು ನಂದೇನಾ?"

"ನಂಗೂ ಹಂಗೇ ಅನ್ನಿಸ್ತು ಕಣೇ," ಎಂದಳು ಕೆಂಚಕ್ಕ. ಅವಳ ಎದೆ ಹಗುರಾಯಿತು.

ಮರುದಿನ ಬೆಳಿಗ್ಗೆ ಎದ್ದು ಕೆಂಚಕ್ಕ ಮೊದಲು ಮಾಡಿದ ಕೆಲಸ ಕುಕ್ಕರಗಾಲಲ್ಲಿ ಕೂರುವುದು. ಹಿಂದಿನ ದಿನ ಅದು ಕನಸಿನ ಮಾತಾಗಿತ್ತು. ಕೂತಳು. ತೊಡೆ ಬಿಗಿದಿತ್ತು, ನೋವು ಪೂರ್ತಿ ಹೋಗಿರಲಿಲ್ಲ, ಆದರೆ ದೂರ ಸರಿದು ನಿಂತಿತ್ತು. ಕೈ ಊರದೆ ಎದ್ದಳು. ನಂಬದೆ ಮತ್ತೊಮ್ಮೆ ಕೂತು ಎದ್ದಳು.

ಮೈದಾನ ಕಿಕ್ಕಿರಿದಿತ್ತು. ಮೊದಲ ಎಳೆತ ಮೊಳಕಾಲ್ಮೂರಿಗೆ ಬಂತು, ಎರಡನೆಯದು ಪರಶುರಾಂಪುರಕ್ಕೆ. ಮೂರನೆಯದಕ್ಕೆ ಸೀಟಿ ಊದಿದ ಮೇಲೆ ಹಗ್ಗದ ನಡುವಿನ ಕೆಂಪು ಬಟ್ಟೆ ಅಲುಗಲೇ ಇಲ್ಲ. ಹದಿನಾರು ಹೆಂಗಸರು ಹಿಂದಕ್ಕೆ ವಾಲಿ ಹಾಗೇ ನಿಂತರು. ಹಗ್ಗ ಬಿಗಿದು ಸಣ್ಣಗೆ ಗುಂಯ್ಗುಡುತ್ತಿತ್ತು. ಕೂಗಾಟ ತಗ್ಗಿತು, ಆಮೇಲೆ ನಿಂತೇಹೋಯಿತು. ಆ ಮೌನದಲ್ಲಿ ಕೆಂಚಕ್ಕ ತಲೆಯೆತ್ತಿ ಹಗ್ಗದ ಇನ್ನೊಂದು ತುದಿ ನೋಡಿದಳು. ಯರ್ರಮ್ಮನ ಕಾಲುಗಳು ನೆಲಕ್ಕೆ ನೆಟ್ಟ ಗೂಟಗಳಂತಿದ್ದವು. ನಡುಕವಿಲ್ಲ. ತನ್ನ ಕಾಲುಗಳಲ್ಲೂ ನಡುಕವಿಲ್ಲ. ಎಷ್ಟು ಹೊತ್ತಾದರೂ ಈ ನಾಲ್ಕು ಕಾಲುಗಳು ಹೀಗೇ ನಿಂತಾವು ಎಂದು ಅವಳಿಗೆ ಅನ್ನಿಸಿತು. ಸಂಜೆಯಾದರೂ, ಮೈದಾನ ಖಾಲಿಯಾದರೂ.

ಸೋತದ್ದು ಕೈ. ಗೀತಮ್ಮನ ಬೆವೆತ ಅಂಗೈಯಿಂದ ಹಗ್ಗ ಒಂದು ಗೇಣು ಜಾರಿತು. ಅವಳ ಮುಂದಿನವಳದೂ ಜಾರಿತು. ಅಲ್ಲಿಂದ ಮುಂದೆ ತಡೆಯಲಾಗಲಿಲ್ಲ. ಕೆಂಚಕ್ಕ ಬೀಳಲಿಲ್ಲ, ಕೂರಲಿಲ್ಲ, ನಿಂತಂತೆಯೇ ಎಳೆದೊಯ್ಯಲ್ಪಟ್ಟಳು. ಅವಳ ಹಿಮ್ಮಡಿಗಳು ಒಣನೆಲದಲ್ಲಿ ನೇಗಿಲಿನಂತೆ ಎರಡು ಸಾಲು ಕೊರೆದವು. ಸೀಟಿ ಕೇಳಿತು. ಆಚೆ ಕಡೆ ಪರಶುರಾಂಪುರದವರು ಕುಣಿದರು.

ಗೀತಮ್ಮ ಸುಲಿದ ಅಂಗೈಗೆ ಉಫ್ ಎಂದು ಊದಿಕೊಳ್ಳುತ್ತ ಬಂದಳು. ಅವಳ ಕಣ್ಣಲ್ಲಿ ನೀರಿತ್ತು. "ನೀನೇ ಕಣಕ್ಕ. ನಿನ್ನೆ ಅವಳನ್ನ ಹಂಗೇ ವಾಪಸ್ ಕಳಿಸಿದ್ರೆ ಇವತ್ತು ನಾವೇ ಗೆಲ್ತಿದ್ವಿ. ನಮ್ಮ ಐಸು, ನಮ್ಮ ಗುಂಡಿ, ಅವಳ ಕಾಲು!"

ಕೆಂಚಕ್ಕ ಅಲ್ಲಗಳೆಯಲಿಲ್ಲ. ಅದು ನಿಜವಿರಬಹುದು. "ಗೀತಾ, ನಾನು ನಿಂತಿದ್ನಾ ಇಲ್ವಾ, ಅದನ್ನ ಹೇಳು."

ಗೀತಮ್ಮ ನೆಲದ ಮೇಲಿನ ಎರಡು ಸಾಲುಗಳನ್ನು ನೋಡಿದಳು. "ನಿಂತಿದ್ದೆ," ಎಂದಳು, ಇಷ್ಟವಿಲ್ಲದಿದ್ದರೂ.

ಕೆಂಚಕ್ಕ ಹಗ್ಗ ಬಿಚ್ಚಿಟ್ಟು ಮೈದಾನದ ಆಚೆ ತುದಿಗೆ ನಡೆದಳು. ಯರ್ರಮ್ಮ ನಿಂತಿದ್ದ ಜಾಗದಲ್ಲಿ ಸಾಲುಗಳಿರಲಿಲ್ಲ. ಗಟ್ಟಿ ನೆಲದಲ್ಲಿ ಎರಡು ಹಿಮ್ಮಡಿಗಳ ಗುರುತು ಮಾತ್ರ ಇತ್ತು. ಅವಳು ಕುಕ್ಕರಗಾಲಲ್ಲಿ ಕೂತು, ಒಂದರೊಳಗೆ ಬೆರಳು ಇಳಿಸಿ ಆಳ ನೋಡಿದಳು. ಬೆರಳು ಎರಡನೇ ಗೆಣ್ಣಿನವರೆಗೆ ಹೋಯಿತು. ಕುಣಿದು ಸುಸ್ತಾಗಿದ್ದ ಯರ್ರಮ್ಮ ಬಂದು ಅವಳ ಪಕ್ಕದಲ್ಲೇ ಸಲೀಸಾಗಿ ಕೂತಳು. ಇಬ್ಬರೂ ಆ ಗುರುತನ್ನು ನೋಡುತ್ತ ಕೂತರು.